ತಾಷ್ಕೆಂಟ್, ಬಿಷ್ಕೆಕ್, ಅಸ್ತಾನಾ, ದುಶಾಂಬೆ: ಮೊದಲ ಸಲಕ್ಕೆ ಯಾವ ರಾಜಧಾನಿ?

ದೆಹಲಿಯಿಂದ ಉಜ್ಬೆಕಿಸ್ತಾನದ ತಾಷ್ಕೆಂಟ್‌ಗೆ ನೇರ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ಬೆಂಗಳೂರಿನಿಂದ ದೆಹಲಿಗೆ ಹೋಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಯುರೋಪಿನ ವೀಸಾಕ್ಕೆ ತಿಂಗಳುಗಟ್ಟಲೆ ಕಾಯಲಾರದವರು ಮಧ್ಯ ಏಷ್ಯಾದ ಕಡೆ ಮುಖ ಮಾಡಿರುವುದು ಸಹಜವೇ. ತೊಡಕು ಬರುವುದು ಊರನ್ನು ಆರಿಸುವಾಗ. ಪ್ಯಾಕೇಜ್ ಟೂರಿನ ಚಿತ್ರಗಳಲ್ಲಿ ಎಲ್ಲ ರಾಜಧಾನಿಗಳೂ ಒಂದೇ ಥರ ಕಾಣುತ್ತವೆ: ನೀಲಿ ಗುಮ್ಮಟ, ಹಿಂದೆ ಹಿಮದ ಬೆಟ್ಟ, ಮುಂದೆ ಕಾರಂಜಿ. ಆ ಚಿತ್ರ ನಂಬಿ ನೀಲಿ ಗುಮ್ಮಟ ಹುಡುಕಿಕೊಂಡು ಕಿರ್ಗಿಸ್ತಾನದ ಬಿಷ್ಕೆಕ್‌ಗೆ ಹೋದವರೂ ಬೆಟ್ಟ ಹುಡುಕಿಕೊಂಡು ಕಜಕಸ್ತಾನದ ಅಸ್ತಾನಾಕ್ಕೆ ಹೋದವರೂ ಬೇಸರದಿಂದ ಮರಳುತ್ತಾರೆ.

ತಾಷ್ಕೆಂಟ್ ಒಂದನ್ನು ಬಿಟ್ಟರೆ ಉಳಿದ ರಾಜಧಾನಿಗಳ ಊರೊಳಗೆ ನೋಡುವಂಥದ್ದು ಒಂದೆರಡು ದಿನಕ್ಕಿಂತ ಹೆಚ್ಚಿಲ್ಲ. ಇವೆಲ್ಲ ಬಹುಪಾಲು ಸೋವಿಯತ್ ಕಾಲದಲ್ಲೋ ಆಮೇಲೋ ಕಟ್ಟಿದ ಊರುಗಳು. ಹಾಗಾಗಿ ಆಯ್ಕೆಗೆ ಎರಡೇ ಅಳತೆಗೋಲು: ಊರಿನಿಂದ ಒಂದು ದಿನದ ಹಾದಿಯೊಳಗೆ ಏನಿದೆ, ಮತ್ತು ನೀವು ಹೋಗುವ ತಿಂಗಳಲ್ಲಿ ಅಲ್ಲಿ ಹವೆ ಹೇಗಿರುತ್ತದೆ. ಹಳೆಯ ಕಟ್ಟಡ, ಇತಿಹಾಸ, ಸಲೀಸಾದ ರೈಲು ಬೇಕೆಂದರೆ ತಾಷ್ಕೆಂಟ್. ಬೆಟ್ಟ, ಸರೋವರ, ಕಡಿಮೆ ಖರ್ಚು ಬೇಕೆಂದರೆ ಬಿಷ್ಕೆಕ್, ಅದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ವೀಸಾದ ಗೊಡವೆಯೇ ಬೇಡ ಎನ್ನುವವರಿಗೆ ಕಜಕಸ್ತಾನ. ಆದರೆ ಅಲ್ಲಿ ರಾಜಧಾನಿ ಅಸ್ತಾನಾಕ್ಕಿಂತ ಹಳೆಯ ರಾಜಧಾನಿ ಅಲ್ಮಾಟಿಯೇ ಮೇಲು. ಕೈಯಲ್ಲಿ ಹತ್ತು ದಿನವಿದ್ದು ಕಚ್ಚಾ ರಸ್ತೆಗೆ ಹೆದರದವರಿಗೆ ತಜಿಕಿಸ್ತಾನದ ದುಶಾಂಬೆ. ತುರ್ಕ್‌ಮೆನಿಸ್ತಾನದ ಅಶ್ಗಾಬಾತ್ ಮೊದಲ ಪ್ರವಾಸಕ್ಕೆ ಬೇಡ.

ವೀಸಾ ಮತ್ತು ವಿಮಾನ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕಜಕಸ್ತಾನ 2022ರ ಜುಲೈನಿಂದ ವೀಸಾ ಇಲ್ಲದೆ ಪ್ರವೇಶ ಕೊಡುತ್ತಿದೆ. ಒಂದು ಸಲಕ್ಕೆ 14 ದಿನ, ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 42 ದಿನ. ಬಂದಿಳಿದ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾತ್ರಿ ಹನ್ನೊಂದೂವರೆಗೆ ಇಳಿದರೂ ಅದು ಒಂದು ದಿನವೇ.

ಉಜ್ಬೆಕಿಸ್ತಾನಕ್ಕೆ ಇ-ವೀಸಾ ಬೇಕು. ಒಂದು ಪ್ರವೇಶಕ್ಕೆ 20 ಡಾಲರ್, ಎರಡಕ್ಕೆ 35, ಹಲವು ಪ್ರವೇಶಕ್ಕೆ 50. ಮೂರು ಕೆಲಸದ ದಿನಗಳಲ್ಲಿ ಬರುತ್ತದೆ ಎನ್ನುತ್ತಾರಾದರೂ ಹತ್ತು ದಿನ ಮುಂಚೆ ಹಾಕುವುದು ಒಳ್ಳೆಯದು, ಏಕೆಂದರೆ ಫೋಟೋ ಸರಿಯಿಲ್ಲವೆಂದು ವಾಪಸಾದರೆ ಮತ್ತೆ ಮೊದಲಿಂದ ಶುರು. ಹುಡುಕಿದಾಗ ಮೇಲುಗಡೆ ಬರುವ ಜಾಲತಾಣಗಳಲ್ಲಿ ಅನೇಕವು ಏಜೆಂಟರವು. ಅದೇ ವೀಸಾಕ್ಕೆ ಮೂರು ಪಟ್ಟು ಕೇಳುತ್ತವೆ. ವಿಳಾಸದ ಕೊನೆಗೆ ‘ಗವ್ ಡಾಟ್ ಯುಜೆಡ್’ ಇದ್ದರೆ ಮಾತ್ರ ಅದು ಸರ್ಕಾರದ್ದು. ಸಮರ್ಕಂದ್‌ನಿಂದ ತಜಿಕಿಸ್ತಾನದ ಪಂಜಕೆಂಟ್‌ಗೆ ಹೋಗಿ ಮತ್ತೆ ತಾಷ್ಕೆಂಟ್‌ಗೆ ಬಂದು ವಿಮಾನ ಹತ್ತುವ ಯೋಚನೆ ಇದ್ದರೆ ಎರಡು ಪ್ರವೇಶದ್ದೇ ಬೇಕು. ಬಹಳ ಜನ ಎಡವುವುದು ಇಲ್ಲೇ. ಹೊರಗೆ ಕಾಲಿಟ್ಟ ಕ್ಷಣಕ್ಕೆ ಒಂದು ಪ್ರವೇಶದ ವೀಸಾ ಮುಗಿದಂತೆ. ಮೂವತ್ತು ದಿನದಲ್ಲಿ ಇಪ್ಪತ್ತು ಉಳಿದಿದ್ದರೂ ಪ್ರಯೋಜನವಿಲ್ಲ.

ಕಿರ್ಗಿಸ್ತಾನ, ತಜಿಕಿಸ್ತಾನಗಳಿಗೂ ಇ-ವೀಸಾ ಇದೆ. ಕಿರ್ಗಿಸ್ತಾನದ ಇ-ವೀಸಾವನ್ನು ಎಲ್ಲ ಗಡಿದ್ವಾರಗಳೂ ಒಪ್ಪುವುದಿಲ್ಲ. ನೆಲದ ಹಾದಿಯಲ್ಲಿ ಹೋಗುವವರು ತಾವು ದಾಟುವ ದ್ವಾರದ ಹೆಸರು ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ತಜಿಕಿಸ್ತಾನದಲ್ಲಿ ಪಾಮಿರ್ ಕಡೆ ಹೋಗುವುದಿದ್ದರೆ ಇ-ವೀಸಾ ಅರ್ಜಿಯಲ್ಲೇ ಗೋರ್ನೋ-ಬದಖ್ಶಾನ್ ಪರವಾನಗಿಯ ಚೌಕವನ್ನೂ ಗುರುತು ಹಾಕಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆಯಿದೆ. ಕರ್ನಾಟಕದಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಒಂದೇ ಕಡೆ ಇರುತ್ತದೆ. ವೀಸಾ ಅರ್ಜಿಯಲ್ಲೂ ವಿಮಾನದ ಟಿಕೆಟ್ಟಿನಲ್ಲೂ ಆ ಜಾಗ ಖಾಲಿ ಬಿಡಲು ಬರುವುದಿಲ್ಲ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗಿರುವ ಎರಡು ಸಾಲಿನ ಯಂತ್ರಾಕ್ಷರವನ್ನು ನೋಡಿ, ಅದರಲ್ಲಿ ಹೆಸರು ಹೇಗಿದೆಯೋ ಹಾಗೆಯೇ ತುಂಬಿ. ವೀಸಾದಲ್ಲೂ ಟಿಕೆಟ್‌ನಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ.

ವಿಮಾನ ಆರಿಸುವಾಗ ಯಾವ ದೇಶದ ಕಂಪನಿ ಎಂಬುದನ್ನೂ ನೋಡಬೇಕಾದ ಕಾಲ ಬಂದಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಇಂಡಿಗೋ ತನ್ನ ತಾಷ್ಕೆಂಟ್ ಮತ್ತು ಅಲ್ಮಾಟಿ ಹಾರಾಟಗಳನ್ನು ನಿಲ್ಲಿಸಬೇಕಾಯಿತು; ಸುತ್ತಿ ಬಳಸಿ ಹೋಗುವ ದೂರ ಆ ಚಿಕ್ಕ ವಿಮಾನಗಳಿಗೆ ನಿಲುಕದು. ಉಜ್ಬೆಕಿಸ್ತಾನ್ ಏರ್‌ವೇಸ್, ಏರ್ ಅಸ್ತಾನಾದಂಥ ಆಯಾ ದೇಶದ ಕಂಪನಿಗಳಿಗೆ ಆ ನಿರ್ಬಂಧವಿಲ್ಲ. ಬೆಂಗಳೂರಿನಿಂದ ಹೊರಡುವವರಿಗೆ ಶಾರ್ಜಾ ಅಥವಾ ದುಬೈ ಮೂಲಕ ಹೋಗುವ ದಾರಿಯೂ ಇದೆ. ಸಮಯ ಹೆಚ್ಚು ಹಿಡಿದರೂ ದೆಹಲಿಯಲ್ಲಿ ಲಗೇಜ್ ಎತ್ತಿ ಟರ್ಮಿನಲ್ ಬದಲಿಸುವ ಪಾಡು ತಪ್ಪುತ್ತದೆ.

ತಾಷ್ಕೆಂಟ್

ಹೆಚ್ಚಿನ ಪ್ಯಾಕೇಜ್‌ಗಳು ತಾಷ್ಕೆಂಟ್‌ಗೆ ಒಂದು ಸಂಜೆ ಮಾತ್ರ ಕೊಟ್ಟು ಸಮರ್ಕಂದ್‌ಗೆ ಓಡಿಸುತ್ತವೆ. ಇದು ಊರಿಗೆ ಮಾಡುವ ಅನ್ಯಾಯ. ಎರಡು ಪೂರ್ತಿ ದಿನ ಇಲ್ಲಿಗೆ ಕೊಡಿ.

1966 ಭಾರತೀಯರಿಗೂ ಈ ಊರಿಗೂ ಮರೆಯಲಾಗದ ವರ್ಷ. ಜನವರಿ 10ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಜತೆ ಒಪ್ಪಂದಕ್ಕೆ ಸಹಿ ಹಾಕಿದರು, ಮರುದಿನ 11ರ ನಸುಕಿಗೆ ಮುಂಚೆಯೇ ಇಲ್ಲೇ ತೀರಿಕೊಂಡರು. ಅದೇ ಏಪ್ರಿಲ್ 26ರಂದು ಭೂಕಂಪವಾಗಿ ಹಳೆಯ ಊರಿನ ಬಹುಭಾಗ ನೆಲಸಮವಾಯಿತು. ಶಾಸ್ತ್ರೀಜಿ ಕಂಡ ತಾಷ್ಕೆಂಟ್ ಮೂರೂವರೆ ತಿಂಗಳಲ್ಲೇ ಇಲ್ಲವಾಯಿತೆಂದರೆ ತಪ್ಪಲ್ಲ. ಈಗ ಕಾಣುವ ಅಗಲವಾದ ಬೀದಿ, ಸಾಲುಮರ, ಕಾಂಕ್ರೀಟಿನ ಮೇಲೆ ಉಜ್ಬೆಕ್ ಚಿತ್ತಾರ ಬಿಡಿಸಿದ ಅಪಾರ್ಟ್‌ಮೆಂಟುಗಳು ಭೂಕಂಪದ ನಂತರದ್ದು. ಶಾಸ್ತ್ರೀಜಿ ಹೆಸರಿನ ಬೀದಿಯಲ್ಲಿ ಅವರ ಪ್ರತಿಮೆ ಇದೆ. ಟ್ಯಾಕ್ಸಿ ಆ್ಯಪಿನಲ್ಲಿ ‘ಶಾಸ್ತ್ರಿ’ ಎಂದು ಹುಡುಕಿದರೆ ಬೀದಿ ಸಿಗುತ್ತದೆ. ಭೂಕಂಪದ ಸ್ಮಾರಕ ಬೇರೆ ಕಡೆಯಿದೆ, ಎರಡನ್ನೂ ಒಂದೇ ಬೆಳಗ್ಗೆ ನೋಡಿ ಮುಗಿಸಬಹುದು.

ಮೆಟ್ರೊ ಇಲ್ಲಿ ಸಾರಿಗೆಯೂ ಹೌದು, ನೋಡುವ ಜಾಗವೂ ಹೌದು. 1977ರಲ್ಲಿ ಶುರುವಾದ ಇದು ಮಧ್ಯ ಏಷ್ಯಾದ ಮೊದಲ ಮೆಟ್ರೊ. ಅಣುದಾಳಿ ನಡೆದರೆ ಜನ ಅಡಗಿಕೊಳ್ಳುವ ತಾಣವೂ ಆಗಲೆಂದು ಕಟ್ಟಿದ್ದರಿಂದ 2018ರವರೆಗೆ ಒಳಗೆ ಫೋಟೋ ತೆಗೆಯುವಂತಿರಲಿಲ್ಲ. ಈಗ ತೆಗೆಯಬಹುದು. ಉಜ್ಬೆಕಿಸ್ತಾನ್ ಮಾರ್ಗ ಒಂದನ್ನೇ ಹಿಡಿದರೆ ಸಾಕು: ಚೋರ್ಸು, ಅಲಿಶೇರ್ ನವಾಯಿ, ಕೊಸ್ಮೊನಾವ್ತ್‌ಲಾರ್, ರೈಲು ನಿಲ್ದಾಣದ ತಾಷ್ಕೆಂಟ್, ಎಲ್ಲವೂ ಅದೇ ಸಾಲಿನಲ್ಲಿವೆ. ಕೊಸ್ಮೊನಾವ್ತ್‌ಲಾರ್‌ನಲ್ಲಿ ಇಳಿದು ಗೋಡೆ ನೋಡಿ. ಅದರ ನೀಲಿ ಬಣ್ಣ ಗಾಢವಾಗುತ್ತಾ ಕಪ್ಪಿಗೆ ತಿರುಗುತ್ತದೆ, ಅದರ ನಡುವೆ ದುಂಡನೆಯ ಪಿಂಗಾಣಿ ಫಲಕಗಳಲ್ಲಿ ಗಗನಯಾತ್ರಿಗಳಾದ ಗಗಾರಿನ್, ತೆರೆಷ್ಕೋವಾ, ಜತೆಗೆ ಹದಿನೈದನೇ ಶತಮಾನದ ಖಗೋಳಜ್ಞ ಉಲುಗ್ ಬೇಗ್. ಹೊರಗೆ ಬರದೆ ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ಹತ್ತಿ ಇಳಿಯುತ್ತಿದ್ದರೆ ಒಂದೇ ಟಿಕೆಟ್ಟಿನಲ್ಲಿ ಐದಾರು ನಿಲ್ದಾಣ ನೋಡಬಹುದು. ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಾಗಿಸಿದರೂ ಸಾಕು. ಬೆಳಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಐದರಿಂದ ಏಳರವರೆಗೆ ಹೋಗಬೇಡಿ. ನೂಕುನುಗ್ಗಲಿನಲ್ಲಿ ಏನೂ ಕಾಣದು.

ಚೋರ್ಸು ಬಜಾರಿನ ದೊಡ್ಡ ಗುಮ್ಮಟದೊಳಗೆ ಕೆಳಗಡೆ ಮಾಂಸದ ಸಾಲುಗಳಿವೆ. ಶಾಕಾಹಾರಿಗಳಿಗೆ ವಾಸನೆ ಕಷ್ಟವಾದರೆ ಮೇಲಿನ ಸುತ್ತುಹಜಾರಕ್ಕೆ ಹೋಗಿ, ಅಲ್ಲಿ ಒಣಹಣ್ಣು, ಬಾದಾಮಿ, ಅಕ್ರೋಟು. ಕೊಳ್ಳುವ ಮುಂಚೆ ರುಚಿ ನೋಡಲು ಕೊಡುತ್ತಾರೆ, ಚೌಕಾಶಿಯೂ ನಡೆಯುತ್ತದೆ. ಏಪ್ರಿಕಾಟ್ ತೀರಾ ಹೊಳೆಯುವ ಕಿತ್ತಳೆ ಬಣ್ಣದ್ದಿದ್ದರೆ ಗಂಧಕದ ಹೊಗೆ ಹಾಕಿದ್ದು. ಕಂದು ಬಣ್ಣದ, ಸುಕ್ಕಿದ ಹಣ್ಣೇ ಸಿಹಿ. ಬಜಾರಿನ ಪಕ್ಕದ ರೊಟ್ಟಿ ಅಂಗಡಿಗಳ ಮುಂದೆ ಐದು ನಿಮಿಷ ನಿಲ್ಲಿ. ಹಿಟ್ಟಿನ ಉಂಡೆ ತಟ್ಟಿ, ನಡುವೆ ಮುಳ್ಳುಮುಳ್ಳಿನ ಅಚ್ಚು ಒತ್ತಿ, ಒದ್ದೆ ಮಾಡಿ ತಂದೂರಿನ ಒಳಗೋಡೆಗೆ ಬಡಿಯುತ್ತಾರೆ. ಅಚ್ಚು ಚಂದಕ್ಕಷ್ಟೇ ಅಲ್ಲ, ನಡುಭಾಗ ಉಬ್ಬದಿರಲೆಂದು. ಅಂಚು ಮೆತ್ತಗೆ, ನಡು ಗರಿಗರಿ.

ಚೋರ್ಸುವಿನಿಂದ ಹಜ್ರತಿ ಇಮಾಮ್ ಆವರಣ ದೂರವಿಲ್ಲ. ಖಲೀಫ ಉಸ್ಮಾನರ ಕಾಲದ್ದೆಂದು ಹೇಳುವ ಪುರಾತನ ಕುರಾನ್ ಪ್ರತಿ ಇರುವುದು ಈ ಊರಿನಲ್ಲೇ. ಎರಡನೇ ದಿನ ಅನ್ವಯಿಕ ಕಲೆಗಳ ಮ್ಯೂಸಿಯಂಗೆ ಒಂದು ಗಂಟೆ ಇಡಿ. ಒಳಗಿನ ವಸ್ತುಗಳಿಗಿಂತ ಆ ಮನೆಯ ಚಾವಣಿ, ಮರದ ಕಂಬಗಳೇ ನೋಡುವಂತಿವೆ.

ಇನ್ನು ರೈಲು. ಸಮರ್ಕಂದ್‌ಗೆ ಅಫ್ರೊಸಿಯಾಬ್ ವೇಗದ ರೈಲು ಎರಡು ಗಂಟೆ ಹತ್ತು ನಿಮಿಷದ ಆಸುಪಾಸು, ಬುಖಾರಾಕ್ಕೆ ನಾಲ್ಕು ಗಂಟೆಯ ಹತ್ತಿರ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಟಿಕೆಟ್ ತೆರೆದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆದ್ದರಿಂದ ವಿಮಾನದ ಟಿಕೆಟ್ ಆದಮೇಲೆ ಮಾಡಬೇಕಾದ ಮೊದಲ ಕೆಲಸ ಇದೇ, ಹೋಟೆಲ್ ಆಮೇಲೆ. ಅಫ್ರೊಸಿಯಾಬ್ ಸಿಗದಿದ್ದರೆ ಶಾರ್ಕ್ ರೈಲು ಮೂರೂವರೆ ಗಂಟೆಯಲ್ಲಿ ತಲುಪಿಸುತ್ತದೆ, ಅದಕ್ಕೆ ಬೇಡಿಕೆ ಕಡಿಮೆ. ತಾಷ್ಕೆಂಟ್‌ನಲ್ಲಿ ಉತ್ತರ, ದಕ್ಷಿಣ ಎಂದು ಎರಡು ನಿಲ್ದಾಣಗಳಿವೆ, ಟಿಕೆಟ್ಟಿನಲ್ಲಿ ಯಾವುದೆಂದು ಓದಿಕೊಳ್ಳಿ. ಒಳಗೆ ಬಿಡುವಾಗ ಪಾಸ್‌ಪೋರ್ಟ್, ಟಿಕೆಟ್ ಎರಡನ್ನೂ ನೋಡಿ ಸಾಮಾನನ್ನು ಯಂತ್ರಕ್ಕೆ ಹಾಕುತ್ತಾರೆ. ಅರ್ಧ ಗಂಟೆ ಮುಂಚೆ ಇರಬೇಕು. ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವ ಒಂದು ದಿನದ ಸಮರ್ಕಂದ್ ಪ್ರವಾಸ ಸಾಧ್ಯವಿದೆ, ಆದರೆ ಬೇಡ. ರೆಗಿಸ್ತಾನ್ ಚೌಕದ ಮೂರು ಮದರಸಾಗಳ ಹೆಂಚಿನ ಬಣ್ಣ ಕಣ್ಣಿಗೆ ಕೂರುವುದು ಸೂರ್ಯ ಇಳಿದ ಮೇಲೆ. ಒಂದು ರಾತ್ರಿ ಅಲ್ಲೇ ಉಳಿಯಿರಿ.

ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗಿನ ಸುಮಾರು ನಲವತ್ತು ದಿನಗಳಿಗೆ ಅಲ್ಲಿನವರು ‘ಚಿಲ್ಲಾ’ ಎನ್ನುತ್ತಾರೆ. 40 ಡಿಗ್ರಿ ದಾಟುವುದು ಮಾಮೂಲು. ನಮ್ಮ ಬೇಸಿಗೆ ರಜೆಗೆ ಹೊಂದುವುದು ಏಪ್ರಿಲ್-ಮೇ, ದಸರಾ ರಜೆಗೆ ಹೊಂದುವುದು ಸೆಪ್ಟೆಂಬರ್-ಅಕ್ಟೋಬರ್. ಎರಡೂ ಇಲ್ಲಿ ಒಳ್ಳೆಯ ಕಾಲ.

ಬಿಷ್ಕೆಕ್

ಅಲಾ-ತೂ ಚೌಕ, ಮನಾಸ್ ಪ್ರತಿಮೆ, ಇತಿಹಾಸ ಮ್ಯೂಸಿಯಂ, ಓಕ್ ಮರಗಳ ಪಾರ್ಕು, ಓಶ್ ಬಜಾರು. ಇಷ್ಟಕ್ಕೆ ಒಂದು ದಿನ ಧಾರಾಳ. ಊರು ಚಂದವೆನಿಸುವುದು ಮರದ ನೆರಳಿನ ಕಾಲುದಾರಿಗಳಿಗೆ, ಬೀದಿ ಬದಿಯ ಸಣ್ಣ ಕಾಲುವೆಗಳಿಗೆ, ಬೀದಿಯ ತುದಿಯಲ್ಲಿ ಎದ್ದು ನಿಲ್ಲುವ ಹಿಮದ ಸಾಲಿಗೆ. ಆ ಬೆಟ್ಟಕ್ಕೇ ಹೋಗಲು ಬಂದಿದ್ದೀರಿ ಎಂದುಕೊಂಡರೆ ಬಿಷ್ಕೆಕ್ ನಿಮ್ಮನ್ನು ನಿರಾಸೆ ಮಾಡುವುದಿಲ್ಲ.

ಅಲಾ-ಅರ್ಚಾ ರಾಷ್ಟ್ರೀಯ ಉದ್ಯಾನ ಸುಮಾರು 40 ಕಿ.ಮೀ. ದೂರ. ಆ್ಯಪಿನಲ್ಲಿ ಟ್ಯಾಕ್ಸಿ ಮಾಡಿ ಹೋಗುವುದು ಸುಲಭ, ಬರುವುದೇ ಕಷ್ಟ. ಕಣಿವೆಯೊಳಗೆ ಫೋನ್ ಸಿಗ್ನಲ್ ನಂಬುವಂತಿಲ್ಲ, ಖಾಲಿ ಟ್ಯಾಕ್ಸಿಯೂ ಇರುವುದಿಲ್ಲ. ಹೋಗುವ ಚಾಲಕನ ಹತ್ತಿರವೇ ನಾಲ್ಕೈದು ಗಂಟೆ ಕಾಯುವುದಕ್ಕೂ ವಾಪಸ್ಸಿಗೂ ಸೇರಿಸಿ ದರ ಮಾತಾಡಿಕೊಳ್ಳಿ. ಗೇಟಿನಿಂದ ಇನ್ನೂ ಹತ್ತಕ್ಕೂ ಹೆಚ್ಚು ಕಿ.ಮೀ. ಒಳಗಿರುವ ಅಲ್ಪ್‌ಲಾಗರ್‌ವರೆಗೆ ಕಾರಿನಲ್ಲೇ ಹೋಗಬೇಕೆಂದು ಮೊದಲೇ ಹೇಳಿ. ಇಲ್ಲವಾದರೆ ಗೇಟಿನಲ್ಲೇ ಇಳಿಸುವವರಿದ್ದಾರೆ. ಅಲ್ಲಿಂದ ಅಕ್-ಸಾಯ್ ಜಲಪಾತಕ್ಕೆ ಏರಲು ಎರಡರಿಂದ ಮೂರು ಗಂಟೆ. ಅದರಾಚೆಗಿನ ರಾತ್ಸೆಕ್ ಗುಡಿಸಲು 3,300 ಮೀಟರಿಗೂ ಮೇಲಿದೆ. ಬೆಂಗಳೂರಿನಿಂದ ಹಿಂದಿನ ರಾತ್ರಿ ಬಂದು ಬೆಳಗ್ಗೆಯೇ ಅಲ್ಲಿಗೆ ಏರಹೊರಟರೆ ತಲೆನೋವು, ವಾಂತಿ ಬರಬಹುದು. ಮೊದಲ ದಿನ ಜಲಪಾತಕ್ಕೇ ನಿಲ್ಲಿಸಿ.

ಪೂರ್ವಕ್ಕೆ 80 ಕಿ.ಮೀ. ಹೋದರೆ ತೊಕ್ಮೊಕ್ ಹತ್ತಿರ ಬುರಾನಾ ಗೋಪುರ. ಹನ್ನೊಂದನೇ ಶತಮಾನದ ಬಲಾಸಗುನ್ ಊರಿನಲ್ಲಿ ಈಗ ಉಳಿದಿರುವುದು ಹೆಚ್ಚುಕಡಿಮೆ ಇದೊಂದೇ. ಒಂದು ಕಾಲಕ್ಕೆ 45 ಮೀಟರ್ ಇದ್ದದ್ದು ಭೂಕಂಪಗಳಿಗೆ ಸಿಕ್ಕಿ ಈಗ 25 ಮೀಟರ್ ಆಸುಪಾಸಿದೆ. ಒಳಗಿನ ಮೆಟ್ಟಿಲು ಕತ್ತಲು, ಕಡಿದು, ಒಬ್ಬರೇ ಹಿಡಿಯುವಷ್ಟು ಅಗಲ. ಮೊಣಕಾಲು ನೋವಿದ್ದವರು ಹತ್ತಬೇಡಿ. ಗೋಪುರ ನೋಡಿ ಅದೇ ರಸ್ತೆಯಲ್ಲಿ ಇಸ್ಸಿಕ್-ಕುಲ್‌ಗೆ ಮುಂದುವರಿದರೆ ದಿನ ಉಳಿಯುತ್ತದೆ. 1,607 ಮೀಟರ್ ಎತ್ತರದ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಉಪ್ಪುನೀರಿನ ಸರೋವರ ಅದು. ಉತ್ತರ ದಡದ ಚೋಲ್ಪೋನ್-ಅತಾ ಬಿಷ್ಕೆಕ್‌ನಿಂದ ಸುಮಾರು 260 ಕಿ.ಮೀ., ಪೂರ್ವ ತುದಿಯ ಕರಾಕೋಲ್ ಸುಮಾರು 400. ಒಂದೇ ದಿನದಲ್ಲಿ ಹೋಗಿಬರುವುದು ಬಸ್ಸಿನಲ್ಲಿ ಕೂರುವುದಕ್ಕೇ ಸರಿಹೋಗುತ್ತದೆ. ಎರಡು ರಾತ್ರಿ ಇಲ್ಲದಿದ್ದರೆ ಬಿಟ್ಟುಬಿಡಿ.

ಸೋಂಗ್-ಕುಲ್ ಸರೋವರದ ಪಕ್ಕ ಯುರ್ತ್ ಗುಡಾರದಲ್ಲಿ ಮಲಗುವ ಆಸೆಗೇ ಕಿರ್ಗಿಸ್ತಾನಕ್ಕೆ ಹೋಗುವವರು ಎಷ್ಟೋ ಜನ. ಅದು 3,016 ಮೀಟರ್ ಎತ್ತರದಲ್ಲಿದೆ. ಕುರಿಗಾಹಿ ಕುಟುಂಬಗಳು ಜೂನ್‌ನಲ್ಲಿ ಮೇಲೆ ಹೋಗಿ ಸೆಪ್ಟೆಂಬರ್‌ನಲ್ಲಿ ಇಳಿದುಬಿಡುತ್ತವೆ. ಏಪ್ರಿಲ್-ಮೇ ರಜೆಯಲ್ಲಿ ಹೋದರೆ ಹಾದಿಯೇ ಹಿಮದಲ್ಲಿ ಮುಚ್ಚಿರುತ್ತದೆ. ಜುಲೈನಲ್ಲೂ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ, ಉಣ್ಣೆ ಟೋಪಿ ಬೇಕು.

ನವೆಂಬರ್‌ನಿಂದ ಫೆಬ್ರವರಿವರೆಗೆ ಬಿಷ್ಕೆಕ್ ಬೇಡ. ಮನೆಮನೆಯಲ್ಲಿ ಕಲ್ಲಿದ್ದಲು ಉರಿಸುವುದರಿಂದ ಊರಿನ ಮೇಲೆ ಹೊಗೆ ಕವಿದು ಬೆಟ್ಟ ಕಾಣುವುದೇ ಇಲ್ಲ. ಉಬ್ಬಸ ಇರುವವರಿಗೆ ನಿಜವಾಗಿ ಅಪಾಯ. ಓಶ್ ಬಜಾರಿನಲ್ಲಿ ಜೇಬುಗಳ್ಳರಿಗಿಂತ ಪೊಲೀಸ್ ಎಂದು ಹೇಳಿಕೊಂಡು ಪರ್ಸ್ ತೋರಿಸಿ ಎನ್ನುವವರ ಬಗ್ಗೆ ಎಚ್ಚರ. ಪರ್ಸ್ ಕೈಗೆ ಕೊಡಬೇಡಿ, ಪಾಸ್‌ಪೋರ್ಟಿನ ಜೆರಾಕ್ಸ್ ತೋರಿಸಿ, ಠಾಣೆಗೇ ಹೋಗೋಣ ಎನ್ನಿ. ಸಾವಿರಾರು ಭಾರತೀಯ ವೈದ್ಯಕೀಯ ವಿದ್ಯಾರ್ಥಿಗಳು ಇಲ್ಲಿ ಓದುತ್ತಾರೆ, ಅವರಲ್ಲಿ ನಮ್ಮ ರಾಜ್ಯದ ಮಕ್ಕಳೂ ಇದ್ದಾರೆ. 2024ರ ಮೇ ತಿಂಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಗುಂಪು ದಾಳಿ ನಡೆದಿತ್ತು. ಪ್ರವಾಸಿಗರಿಗೆ ಹಗಲು ಹೊತ್ತು ತೊಂದರೆಯಿಲ್ಲ, ಆದರೂ ತಡರಾತ್ರಿ ನಡೆದು ಹೋಗುವ ಬದಲು ಆ್ಯಪಿನ ಟ್ಯಾಕ್ಸಿ ಹಿಡಿಯುವುದೇ ಸರಿ.

ಅಸ್ತಾನಾ, ಇಲ್ಲವೇ ಅಲ್ಮಾಟಿ

ಅಸ್ತಾನಾ ರಾಜಧಾನಿಯಾದದ್ದು 1997ರಲ್ಲಿ. ಜಪಾನಿನ ಕಿಶೋ ಕುರೊಕಾವಾ ನಕ್ಷೆ ಹಾಕಿದ ಈ ಊರಿನಲ್ಲಿ ಕಟ್ಟಡಗಳೇ ಪ್ರೇಕ್ಷಣೀಯ ಸ್ಥಳ. ನಾರ್ಮನ್ ಫೋಸ್ಟರ್ ಸಂಸ್ಥೆಯ ಖಾನ್ ಶಾತಿರ್ ಗುಡಾರ, ಬೈತೆರೆಕ್ ಗೋಪುರ, ಅಧ್ಯಕ್ಷರ ಅರಮನೆ, ನದಿಯಾಚೆಗೆ ಶಾಂತಿಯ ಪಿರಮಿಡ್, ಇವೆಲ್ಲ ಒಂದೇ ನೇರ ಗೆರೆಯ ಮೇಲಿವೆ. ಬೈತೆರೆಕ್‌ನ ನೋಡುಗಟ್ಟೆ 97 ಮೀಟರ್ ಎತ್ತರದಲ್ಲಿದೆ, ರಾಜಧಾನಿಯಾದ ವರ್ಷದ ನೆನಪಿಗೆ. ವಾಸ್ತುಶಿಲ್ಪ ಓದುವವರಿಗೆ ಎರಡು ದಿನ ಸಾಲದು, ಉಳಿದವರಿಗೆ ಒಂದೂವರೆ ದಿನ ಹೆಚ್ಚು. ನಕ್ಷೆಯಲ್ಲಿ ಹತ್ತಿರ ಕಂಡದ್ದು ನಡೆದರೆ ಮುಗಿಯುವುದಿಲ್ಲ, ಗಾಳಿಗೆ ತಡೆಯೇ ಇಲ್ಲ. ಜನವರಿಯಲ್ಲಿ ಮೈನಸ್ 30 ಅಪರೂಪವಲ್ಲ. ಫೋನಿನ ಬ್ಯಾಟರಿ ಹೊರಗೆ ತೆಗೆದ ಕೆಲವೇ ನಿಮಿಷದಲ್ಲಿ ಸತ್ತುಹೋಗುತ್ತದೆ, ಟ್ಯಾಕ್ಸಿ ಕರೆಯಲೂ ಆಗದು. ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಊರಾಚೆಗಿನ ಒಂದು ಜಾಗ ಮಾತ್ರ ತಪ್ಪಿಸಬೇಡಿ: ಸ್ಟಾಲಿನ್ ಕಾಲದಲ್ಲಿ ‘ದೇಶದ್ರೋಹಿ’ಗಳ ಹೆಂಡತಿಯರನ್ನು ಕೂಡಿಹಾಕಿದ್ದ ಅಲ್‌ಜಿರ್ ಶಿಬಿರದ ಮ್ಯೂಸಿಯಂ, ಮೂವತ್ತು-ನಲವತ್ತು ಕಿ.ಮೀ. ದೂರದಲ್ಲಿದೆ.

ಇಷ್ಟು ಬಿಟ್ಟರೆ ಕಜಕಸ್ತಾನದ ನಾಲ್ಕೈದು ದಿನಗಳಿಗೆ ಅಲ್ಮಾಟಿಯೇ ಸರಿಯಾದ ಊರು. ಹೋಟೆಲ್ ಕಜಕಸ್ತಾನ್ ಎದುರಿನಿಂದ 12ನೇ ನಂಬರ್ ಬಸ್ಸು ಮೆದೆವು ಸ್ಕೇಟಿಂಗ್ ಮೈದಾನಕ್ಕೆ ಹೋಗುತ್ತದೆ, ಅಲ್ಲಿಂದ ಕೇಬಲ್ ಕಾರಿನಲ್ಲಿ 2,260 ಮೀಟರಿನ ಶಿಂಬುಲಾಕ್, ಅಲ್ಲಿಂದ ಮತ್ತೆರಡು ಹಂತ ಏರಿದರೆ 3,200 ಮೀಟರ್. ಊರಿನಿಂದ ಹಿಮಕ್ಕೆ ಅರ್ಧ ದಿನದಲ್ಲಿ ಹೋಗಿಬರುವ ಇಂಥ ಸೌಕರ್ಯ ಉಳಿದ ಯಾವ ಊರಿನಲ್ಲೂ ಇಲ್ಲ. ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನೇ ಆರಿಸಿ. ಒಂದೇ ಎಚ್ಚರಿಕೆ, ಗಾಳಿ ಜೋರಾದರೆ ಮೇಲಿನ ಹಂತ ನಿಲ್ಲಿಸುತ್ತಾರೆ. ಹಾಗಾಗಿ ಇದನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬೇಡಿ. ಚಾರಿನ್ ಕಮರಿ ಸುಮಾರು 200 ಕಿ.ಮೀ., ಒಂದು ಪೂರ್ತಿ ದಿನದ ಕೆಲಸ.

ದುಶಾಂಬೆ, ಅಶ್ಗಾಬಾತ್

ದುಶಾಂಬೆಯಲ್ಲಿ ಎರಡು ಮ್ಯೂಸಿಯಂಗಳ ಹೆಸರು ಗೊಂದಲ ಮಾಡುತ್ತದೆ. ಹೊಸದಾಗಿ ಕಟ್ಟಿದ ದೊಡ್ಡದು ರಾಷ್ಟ್ರೀಯ ಮ್ಯೂಸಿಯಂ. ನೀವು ನೋಡಲೇಬೇಕಾದದ್ದು ಚಿಕ್ಕದಾದ ರಾಷ್ಟ್ರೀಯ ಪುರಾತನ ವಸ್ತುಗಳ ಮ್ಯೂಸಿಯಂ. ಅಜಿನಾ-ತೆಪೆಯಲ್ಲಿ 1966ರಲ್ಲಿ ಸಿಕ್ಕಿದ, ಸುಮಾರು 13 ಮೀಟರ್ ಉದ್ದದ ಮಲಗಿದ ಬುದ್ಧ ಇಲ್ಲಿದ್ದಾನೆ. ಮಣ್ಣಿನಲ್ಲಿ ಮಾಡಿದ ಮೂರ್ತಿ, ಏಳು-ಎಂಟನೇ ಶತಮಾನದ್ದು. ಟ್ಯಾಕ್ಸಿಯವರಿಗೆ ಬರೀ ‘ಮ್ಯೂಸಿಯಂ’ ಎಂದರೆ ದೊಡ್ಡದಕ್ಕೇ ಕರೆದೊಯ್ಯುತ್ತಾರೆ.

ಊರಿನಿಂದ ಹಿಸೋರ್ ಕೋಟೆಗೆ ಅರ್ಧ ದಿನ. ಉತ್ತರಕ್ಕೆ ಅಂಜೋಬ್ ಸುರಂಗ ದಾಟಿ ಇಸ್ಕಂದರ್‌ಕುಲ್ ಸರೋವರಕ್ಕೆ ಒಂದು ಪೂರ್ತಿ ದಿನ. ಪಾಮಿರ್ ಹೆದ್ದಾರಿ ಬೇರೆಯದೇ ಪ್ರವಾಸ: ಖೋರೋಗ್ ತಲುಪುವುದಕ್ಕೇ ಹದಿನಾಲ್ಕು ಗಂಟೆ ಮೀರುತ್ತದೆ, ಮುಂದೆ ಅಕ್-ಬೈತಾಲ್ ಕಣಿವೆದಾರಿ 4,655 ಮೀಟರ್. ಏಳು ದಿನವಾದರೂ ಇಲ್ಲದೆ ಅತ್ತ ಕಡೆ ಹೋಗಬೇಡಿ. ಊರಿನ ಖರ್ಚು ಹೆಚ್ಚಲ್ಲ, ಬೆಟ್ಟದ ಜೀಪೇ ದುಬಾರಿ. ನಾಲ್ವರು ಸೇರಿದರೆ ಮಾತ್ರ ಲೆಕ್ಕ ಹೊಂದುತ್ತದೆ.

ಅಶ್ಗಾಬಾತ್ ಬಿಳಿ ಅಮೃತಶಿಲೆಯ ಊರು, ಕಣ್ಣಿಗೆ ಅಚ್ಚರಿ ನಿಜ. ಆಹ್ವಾನಪತ್ರ, ಜತೆಗೆ ಗೈಡ್, ಮುಂಗಡವಾಗಿ ನಿಗದಿಯಾದ ಹೋಟೆಲ್ ಎಂದು ಖರ್ಚು ಏರುತ್ತದೆ. ಅಲ್ಲಿಗೆ ಜನ ಹೋಗುವುದೇ ದರ್ವಾಜಾದ ಉರಿಯುವ ಅನಿಲಗುಂಡಿ ನೋಡಲು. ಆ ಬೆಂಕಿ ಈಚೆಗೆ ಬಹಳ ತಗ್ಗಿದೆ.

ಊಟ, ಮುಖ್ಯವಾಗಿ ಶಾಕಾಹಾರಿಗಳಿಗೆ

ಈ ಇಡೀ ಸೀಮೆ ಮಾಂಸದ ಊಟದ್ದು. ಮಾಂಸ ತಿನ್ನುವವರಿಗೆ ತಾಷ್ಕೆಂಟ್ ಮೊದಲ ಸ್ಥಾನ. ಪಲೋವ್ ಮಧ್ಯಾಹ್ನದ ಊಟ. ದೊಡ್ಡ ಕಡಾಯಿಗಳಲ್ಲಿ ಹೊತ್ತಿಗೆ ಮುಂಚೆ ಬೇಯಿಸಿಟ್ಟದ್ದು ಎರಡು ಗಂಟೆಯ ಸುಮಾರಿಗೆ ಖಾಲಿ. ಹನ್ನೆರಡಕ್ಕೇ ಹೋಗಿ.

ಶಾಕಾಹಾರಿಗಳು ತಿಳಿದಿರಬೇಕಾದದ್ದು, ಪಲೋವ್‌ನಿಂದ ಮಾಂಸದ ತುಂಡು ತೆಗೆದರೆ ಅದು ಶಾಕಾಹಾರವಾಗುವುದಿಲ್ಲ. ಅಕ್ಕಿ, ಹಳದಿ ಕ್ಯಾರೆಟ್ ಬೆಂದಿರುವುದೇ ಕುರಿಯ ಕೊಬ್ಬಿನಲ್ಲಿ. ಲಗ್ಮಾನ್ ಎಂಬ ನೂಡಲ್ಸ್ ತರಕಾರಿಯದ್ದಾದರೂ ಅದರ ಸಾರು ಮಾಂಸದ್ದೇ ಆಗಿರುವುದು ಹೆಚ್ಚು. ರಷ್ಯನ್‌ನಲ್ಲಿ ‘ಬೆಜ್ ಮ್ಯಾಸಾ’, ಉಜ್ಬೆಕ್‌ನಲ್ಲಿ ‘ಗೋಶ್ತ್‌ಸಿಜ್’ ಎಂದರೆ ಮಾಂಸವಿಲ್ಲದ್ದು. ಆದರೆ ಕೋಳಿಯನ್ನು ಎಷ್ಟೋ ಜನ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ಬೆಜ್ ಕೂರಿತ್ಸಿ’ ಎಂದೂ ಸೇರಿಸಿ. ಧೈರ್ಯವಾಗಿ ಕೇಳಬಹುದಾದವು: ಕುಂಬಳಕಾಯಿ ಸೋಮ್ಸಾ, ಟೊಮೆಟೊ-ಈರುಳ್ಳಿಯ ಅಚಿಚುಕ್, ಗಟ್ಟಿ ಮೊಸರು ಕತಿಕ್, ತಂದೂರಿನ ನಾನ್, ಹಣ್ಣು. ಕುಂಬಳದ್ದಕ್ಕೂ ಕೆಲವೆಡೆ ಕೊಬ್ಬಿನ ಚೂರು ಹಾಕುವುದುಂಟು, ಕೇಳಿಯೇ ತಗೊಳ್ಳಿ. ನಾನ್ ರೊಟ್ಟಿಯನ್ನು ಬೋರಲು ಇಡಬೇಡಿ, ಅಲ್ಲಿ ಅದು ಅಗೌರವ.

ವಿಚಿತ್ರವೆಂದರೆ ಶಾಕಾಹಾರಿಗಳಿಗೆ ಅತಿ ರುಚಿಯ ಪೂರ್ತಿ ಊಟ ಸಿಗುವುದು ದುಶಾಂಬೆಯಲ್ಲಿ. ಕುರುತೋಬ್ ಎಂಬುದು ಅಲ್ಲಿನವರ ದಿನದ ತಿಂಡಿ. ಒಣಗಿಸಿದ ಮೊಸರಿನ ಉಂಡೆಯನ್ನು ನೀರಿನಲ್ಲಿ ಕರಗಿಸಿ ಹುಳಿಯಾದ ಗೊಜ್ಜು ಮಾಡಿ, ಪದರುಪದರಾದ ಫತೀರ್ ರೊಟ್ಟಿಯನ್ನು ಮುರಿದು ಅದರಲ್ಲಿ ನೆನೆಸಿ, ಮೇಲೆ ಈರುಳ್ಳಿ, ಟೊಮೆಟೊ, ಸೌತೆ, ಕೊತ್ತಂಬರಿ ಹರಡಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ಮರದ ದೊಡ್ಡ ತಟ್ಟೆಯಲ್ಲಿ ಬರುತ್ತದೆ, ಎಲ್ಲರೂ ಕೈಯಲ್ಲೇ ತಿನ್ನುತ್ತಾರೆ. ಒಂದು ತಟ್ಟೆ ಇಬ್ಬರಿಗೆ ಸಾಕು. ಮಾಂಸ ಹಾಕಿದ್ದೂ ಸಿಗುವುದರಿಂದ ಆರ್ಡರ್ ಮಾಡುವಾಗ ಹೇಳಬೇಕು. ಬಿಷ್ಕೆಕ್‌ನಲ್ಲಿ ವಿದ್ಯಾರ್ಥಿಗಳಿಂದಾಗಿ ಭಾರತೀಯ ಊಟದ ಹೋಟೆಲುಗಳು, ಮೆಸ್ಸುಗಳು ಇವೆ. ಅಸ್ತಾನಾದಲ್ಲಿ ಆಯ್ಕೆ ಕಡಿಮೆ. ಎಲ್ಲ ಕಡೆ ರೂಮಿನಲ್ಲಿ ಬಿಸಿನೀರಿನ ಕೆಟಲ್ ಇರುವುದು ವಾಡಿಕೆ, ಗೊಜ್ಜವಲಕ್ಕಿ ಮಿಕ್ಸು, ಚಟ್ನಿಪುಡಿ ಒಯ್ದರೆ ಬೆಳಗಿನ ಚಿಂತೆ ಇಲ್ಲ.

ದುಡ್ಡು, ಔಷಧಿ, ಟ್ಯಾಕ್ಸಿ

ಯುಪಿಐ ನೆಚ್ಚಿಕೊಳ್ಳಬೇಡಿ. ವೀಸಾ ಅಥವಾ ಮಾಸ್ಟರ್ ಕಾರ್ಡ್ ದೊಡ್ಡ ಊರುಗಳಲ್ಲಿ ಸಾಕು, ಬೆಟ್ಟದ ಕಡೆ ನಗದೇ ಗತಿ. ಡಾಲರ್ ನೋಟುಗಳು ಹೊಸವಿರಲಿ. ಮಡಚಿದ ಗೆರೆ, ಪೆನ್ನಿನ ಗುರುತು ಇದ್ದರೆ ತೆಗೆದುಕೊಳ್ಳುವುದಿಲ್ಲ ಅಥವಾ ಕಡಿಮೆ ದರ ಕೊಡುತ್ತಾರೆ. ಉಜ್ಬೆಕಿಸ್ತಾನದ ಸೋಮ್ ಒಂದು ಡಾಲರಿಗೆ 12 ಸಾವಿರದ ಆಸುಪಾಸು. ಸೊನ್ನೆಗಳ ಗೊಂದಲದಲ್ಲಿ 20 ಸಾವಿರದ ನೋಟಿಗೆ ಬದಲು 200 ಸಾವಿರದ್ದು ಕೊಟ್ಟುಬಿಡುವ ತಪ್ಪು ಮೊದಲ ದಿನವೇ ಆಗುತ್ತದೆ. ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿಡಿ.

ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ನಿದ್ರೆ ಮಾತ್ರೆ ಉಜ್ಬೆಕಿಸ್ತಾನಕ್ಕೆ ಒಯ್ಯಬೇಡಿ. ನಮ್ಮಲ್ಲಿ ಸುಲಭವಾಗಿ ಸಿಗುವ ಇವು ಅಲ್ಲಿ ನಿಯಂತ್ರಿತ ವಸ್ತುಗಳು, ಕಸ್ಟಮ್ಸ್‌ನವರು ಕಠಿಣ. ವೈದ್ಯರು ಬರೆದುಕೊಟ್ಟ ದಿನನಿತ್ಯದ ಬೇರೆ ಮಾತ್ರೆಗಳಿಗೆ ಇಂಗ್ಲಿಷಿನ ಚೀಟಿ ಜತೆಗಿರಲಿ. ಡ್ರೋನ್ ಮನೆಯಲ್ಲೇ ಬಿಡಿ. ಉಜ್ಬೆಕ್ ಹೋಟೆಲುಗಳು ನಿಮ್ಮ ವಾಸ್ತವ್ಯವನ್ನು ನೋಂದಾಯಿಸಬೇಕು. ಪರಿಚಿತರ ಮನೆಯಲ್ಲಿ ಉಳಿಯುವವರು ಮೂರು ದಿನದೊಳಗೆ ಅದನ್ನು ಮಾಡಿಸಿಕೊಳ್ಳದಿದ್ದರೆ ಹೊರಡುವಾಗ ದಂಡ ಬೀಳಬಹುದು.

ತಾಷ್ಕೆಂಟ್ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಬಾಗಿಲಲ್ಲಿ ಮುತ್ತಿಕೊಳ್ಳುವ ಚಾಲಕರು ಕೇಳುವುದು ಹಲವು ಪಟ್ಟು. ಒಳಗೇ ಸಿಮ್ ಅಥವಾ ವೈಫೈ ಹಿಡಿದು ಯಾಂಡೆಕ್ಸ್ ಗೋ ಆ್ಯಪಿನಲ್ಲಿ ಕರೆದು, ಗೇಟಿನಾಚೆಯ ರಸ್ತೆಗೆ ನಡೆದು ಹತ್ತಿ. ಆ್ಯಪನ್ನು ಊರಲ್ಲೇ ಹಾಕಿಕೊಂಡು ಒಟಿಪಿ ಮುಗಿಸಿಕೊಂಡಿರಿ. ಅಲ್ಲಿ ಭಾರತದ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಒಟಿಪಿ ಬರದು. ಬಿಷ್ಕೆಕ್‌ನ ಮನಾಸ್ ನಿಲ್ದಾಣ ಊರಿನಿಂದ ಇಪ್ಪತ್ತೈದು-ಮೂವತ್ತು ಕಿ.ಮೀ.; ಅಲ್ಲೂ ಇದೇ ಉಪಾಯ. ಬಸ್ಸು, ಕಟ್ಟಡದ ಬಾಗಿಲು ಹುಡುಕಲು ಅಲ್ಮಾಟಿ, ಅಸ್ತಾನಾ, ಬಿಷ್ಕೆಕ್‌ಗಳಲ್ಲಿ ಗೂಗಲ್ ಮ್ಯಾಪ್‌ಗಿಂತ ಟೂ-ಜಿಐಎಸ್ ಮೇಲು.

ಎರಡು ಊರು ಕೂಡಿಸುವುದಾದರೆ

ಎಂಟು ದಿನವಿದ್ದರೆ ಅಲ್ಮಾಟಿ-ಬಿಷ್ಕೆಕ್ ಜೋಡಿ ಚೆನ್ನ. ನಡುವೆ ಸುಮಾರು 240 ಕಿ.ಮೀ., ಅಲ್ಮಾಟಿಯ ಸಾಯ್ರಾನ್ ಬಸ್ ನಿಲ್ದಾಣದಿಂದ ನಾಲ್ಕೈದು ಗಂಟೆ. ಕೊರ್ದಾಯ್ ಗಡಿಯಲ್ಲಿ ಎಲ್ಲರೂ ಸಾಮಾನಿನ ಸಮೇತ ಇಳಿದು ನಡೆದೇ ದಾಟಬೇಕು, ಗಾಡಿ ಆಚೆ ಬದಿ ಕಾಯುತ್ತದೆ. ಇಳಿಯುವ ಮುಂಚೆ ಅದರ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ಆಚೆ ಒಂದೇ ಥರದ ಬಿಳಿ ವ್ಯಾನುಗಳು ಸಾಲಾಗಿ ನಿಂತಿರುತ್ತವೆ. ಭಾರತೀಯರ ಪಾಸ್‌ಪೋರ್ಟ್ ನೋಡಲು ಹೊತ್ತು ಹೆಚ್ಚು ಹಿಡಿದರೆ ಚಾಲಕ ಹೊರಟುಬಿಡಬಹುದು. ಹಿಂದೆ ಉಳಿಯುವಂತಾದರೆ ಬಿಷ್ಕೆಕ್ ಕಡೆ ಬೇರೆ ವ್ಯಾನುಗಳು ಸಿಗುತ್ತಲೇ ಇರುತ್ತವೆ, ಗಾಬರಿ ಬೇಡ. ದೊಡ್ಡ ಬ್ಯಾಗನ್ನು ಗಾಡಿಯಲ್ಲೇ ಬಿಡಬಾರದೆಂಬುದು ಈ ಕಾರಣಕ್ಕೇ.

ಹತ್ತು ದಿನವಿದ್ದರೆ ತಾಷ್ಕೆಂಟ್‌ನಲ್ಲಿ ಎರಡು, ಸಮರ್ಕಂದ್‌ನಲ್ಲಿ ಎರಡು, 2018ರಲ್ಲಿ ಮತ್ತೆ ತೆರೆದ ಗಡಿ ದಾಟಿ ಪಂಜಕೆಂಟ್, ಅಲ್ಲಿಂದ ಬೆಟ್ಟದ ಹಾದಿಯಲ್ಲಿ ದುಶಾಂಬೆ, ಅಲ್ಲಿಂದಲೇ ವಿಮಾನ. ಸಮರ್ಕಂದ್‌ನಿಂದ ಪಂಜಕೆಂಟ್ ಬರೀ 60 ಕಿ.ಮೀ. ಹೀಗೆ ಒಂದೇ ದಿಕ್ಕಿನಲ್ಲಿ ಹೋದರೆ ಉಜ್ಬೆಕ್ ವೀಸಾ ಒಂದು ಪ್ರವೇಶದ್ದೇ ಸಾಕು.

ಗಡಿಯಾರದ ಮಾತೊಂದು ಉಳಿಯಿತು. ಕಜಕಸ್ತಾನ 2024ರ ಮಾರ್ಚ್ 1ರಿಂದ ಇಡೀ ದೇಶಕ್ಕೆ ಒಂದೇ ಸಮಯ ತಂದಿದೆ. ಈಗ ಅಲ್ಮಾಟಿ, ಅಸ್ತಾನಾ, ತಾಷ್ಕೆಂಟ್, ದುಶಾಂಬೆ ಎಲ್ಲವೂ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ, ಬಿಷ್ಕೆಕ್ ಮಾತ್ರ ಅರ್ಧ ಗಂಟೆ ಮುಂದೆ. ಅಲ್ಮಾಟಿಯಿಂದ ಬಿಷ್ಕೆಕ್‌ಗೆ ದಾಟಿದರೆ ಒಂದು ಗಂಟೆ ಕಳೆಯುತ್ತದೆ. ಅದೇ ದಿನ ಸಂಜೆ ಮನಾಸ್‌ನಿಂದ ವಿಮಾನವಿದ್ದರೆ ಬೆಳಗ್ಗೆ ಏಳರ ಬಸ್ಸಿಗಿಂತ ತಡ ಮಾಡಬೇಡಿ.